ದಿನಕ್ಕೆ ನಲವತ್ತು ಕಿಲೋಮೀಟರ್

ಬಣ್ಣದ ಕಾರ್ಖಾನೆಯ ಕ್ಯಾಂಟೀನಿನಲ್ಲಿ, ಕೈ ತೊಳೆಯುವ ತೊಟ್ಟಿಯ ಮೇಲಿನ ಗೋಡೆಗೆ ಒಂದು ಹಾಳೆ ಅಂಟಿಸಿದ್ದರು. ಆರೋಗ್ಯ ಮಾಸದ ಹಾಳೆ. ನಡೆದವರು ನಡೆದಷ್ಟು, ಓಡಿದವರು ಓಡಿದಷ್ಟು, ಸೈಕಲ್ ತುಳಿದವರು ತುಳಿದಷ್ಟು ಕಿಲೋಮೀಟರನ್ನು ದಿನವೂ ತಮ್ಮ ಹೆಸರಿನ ಮುಂದೆ ಬರೆಯಬೇಕು. ಲಾರಿ ಡ್ರೈವರು ಮೂರು ಬರೆದ. ಬಣ್ಣ ಬೆರೆಸುವವನು ಎರಡೂವರೆ ಬರೆದು, ಅದರಲ್ಲಿ ಅರ್ಧ ಸುಳ್ಳು ಎಂದು ತಾನೇ ಹೇಳಿಕೊಂಡು ನಕ್ಕ. ಉಗ್ರಾಣಿ ಮಾತ್ರ ಒಂದು ದಿನವೂ ತಪ್ಪದೆ ನಲವತ್ತು ಬರೆದ. ಅದೂ ‘ಸೈಕಲ್’ ಎಂಬ ಕಾಲಮ್ಮಿನಲ್ಲಿ.

ಅವನು ಸುಳ್ಳು ಬರೆಯುವ ಪೈಕಿ ಅಲ್ಲ. ಹದಿನಾರು ವರ್ಷದಿಂದ ಉಗ್ರಾಣದ ಬೀಗದ ಕೈ ಅವನ ಸೊಂಟದಲ್ಲಿತ್ತು. ಒಳಗೆ ಹಸಿರು ನೂರಾ ಮೂರು ಡಬ್ಬಿ ಇದೆ ಎಂದು ಅವನು ಬರೆದರೆ ಯಾರೂ ಹೋಗಿ ಎಣಿಸುತ್ತಿರಲಿಲ್ಲ. ಹಾಗೆಯೇ ನಲವತ್ತು ಎಂದರೆ ನಲವತ್ತೇ. ಆದರೆ ಆ ಸೈಕಲ್ಲು ಇದ್ದದ್ದು ಅವನ ಮನೆಯ ಹಿಂದಿನ ಕೋಣೆಯಲ್ಲಿ, ಬಟ್ಟೆ ಬೀರುವಿಗೂ ಇಸ್ತ್ರಿ ಮೇಜಿಗೂ ನಡುವೆ, ನಾಲ್ಕು ಕಾಲು ಊರಿಕೊಂಡು. ಅದಕ್ಕಿದ್ದದ್ದು ಒಂದೇ ಚಕ್ರ, ಅದೂ ನೆಲ ಮುಟ್ಟುತ್ತಿರಲಿಲ್ಲ. ಹೊಟ್ಟೆ ಕರಗಿಸಲೆಂದು ಕೊಂಡ ಆ ನಿಂತ ಸೈಕಲ್ಲಿನ ಮೇಲೆ ಕೂತು, ಆರು ವರ್ಷದಲ್ಲಿ ಅವನು ಭೂಮಿಗೆ ಎರಡು ಸುತ್ತು ಬರುವಷ್ಟು ದೂರ ತುಳಿದಿದ್ದ. ಎದುರಿನ ಗೋಡೆಗೆ ಒಂದು ಅಂಗುಲವೂ ಹತ್ತಿರವಾಗಿರಲಿಲ್ಲ.

ಹೊರಗಿನ ಸೈಕಲ್ಲು, ಅಂದರೆ ಎರಡು ಚಕ್ರ ಇರುವಂಥದ್ದು, ಹೋಗುವಂಥದ್ದು, ಅವನಿಗೆ ಬರುತ್ತಲೇ ಇರಲಿಲ್ಲ. ಎಂಟನೇ ವಯಸ್ಸಿನಲ್ಲಿ ಅಣ್ಣ “ಹಿಡ್ಕೊಂಡಿದೀನಿ ಕಣೋ, ತುಳಿ” ಎಂದು ಹೇಳಿ ಇಳಿಜಾರಿನಲ್ಲಿ ಕೈಬಿಟ್ಟಿದ್ದ. ಇಳಿಜಾರಿನ ತುದಿಯಲ್ಲಿ ಚರಂಡಿಯಿತ್ತು. ಮುಂದಿನ ಹಲ್ಲೊಂದು ಅಲ್ಲೇ ಉಳಿಯಿತು. ಈಗ ನಲವತ್ತಾರು ತುಂಬಿದ್ದರೂ, ರಸ್ತೆಯಲ್ಲಿ ಯಾರಾದರೂ ಸೈಕಲ್ಲಿನ ಮೇಲೆ ಕೈಬಿಟ್ಟು ಹೋಗುವುದನ್ನು ಕಂಡರೆ ಅವನ ಅಂಗಾಲು ಜುಮ್ಮೆನ್ನುತ್ತಿತ್ತು. ಈ ವಿಷಯ ಹೆಂಡತಿಗೂ ಗೊತ್ತಿರಲಿಲ್ಲ. ಮದುವೆಗೆ ಮುಂಚೆ ಹೇಳಲು ನಾಚಿಕೆಯಾಗಿತ್ತು. ಮದುವೆಯಾದ ಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದಾಳು ಎಂದು ಸುಮ್ಮನಾಗಿದ್ದ.

ಆರೋಗ್ಯ ಮಾಸ ಮುಗಿದ ಮಾರನೆಯ ದಿನ ಬೆಳಿಗ್ಗೆ ಮ್ಯಾನೇಜರು ಹೇಳಿ ಕಳಿಸಿದರು.

“ಕೂತ್ಕೊಳ್ಳಿ” ಎಂದರು.

ಈ ಕೋಣೆಯಲ್ಲಿ ಕೆಲಸಗಾರರು ನಿಂತು ಮಾತಾಡುವುದು ರೂಢಿ. ಹೋದ ಸಲ ಮ್ಯಾನೇಜರು ಕೂರಿಸಿಕೊಂಡು ಮಾತಾಡಿಸಿದ ಗುಮಾಸ್ತ ಈಗ ಬೇರೆ ಎಲ್ಲೋ ಕೆಲಸ ಹುಡುಕುತ್ತಿದ್ದಾನೆ. ಉಗ್ರಾಣಿ ಕುರ್ಚಿಯ ತುದಿಯಲ್ಲಿ ಕೂತ.

“ದಿನಾ ನಲವತ್ತು ಕಿಲೋಮೀಟರ್ ತುಳೀತೀರಂತೆ?”

“ಹೌದು ಸಾರ್.”

“ನಿಜವಾಗ್ಲೂ?”

ಆಗಲೇ ಹೇಳಿಬಿಡಬಹುದಿತ್ತು. ಆದರೆ ಅವನು ಬರೆದ ಸಂಖ್ಯೆಯನ್ನು ಹದಿನಾರು ವರ್ಷದಲ್ಲಿ ಯಾರೂ ‘ನಿಜವಾಗ್ಲೂ’ ಎಂದು ಕೇಳಿರಲಿಲ್ಲ. ನಿಂತ ಸೈಕಲ್ಲು ಎಂದರೆ ಈ ಮನುಷ್ಯ ಏನೆಂದುಕೊಂಡಾರು? ಹಾಗಾದರೆ ಒಳಗಿರುವ ನೂರಾ ಮೂರು ಡಬ್ಬಿಯೂ ಹೀಗೇ ಇರಬಹುದು, ಎಣಿಸಿ ನೋಡೋಣ ಎಂದಾರು. “ನಾನು ಬರೆದದ್ದು ಯಾವತ್ತು ತಪ್ಪಿದೆ ಸಾರ್?” ಎಂದುಬಿಟ್ಟ.

ಮ್ಯಾನೇಜರು ಯಾಕೋ ನಿಟ್ಟುಸಿರು ಬಿಟ್ಟರು. ಮೇಜಿನ ಖಾನೆಯಿಂದ ಹೊಳೆಯುವ ಪುಸ್ತಿಕೆಯೊಂದನ್ನು ತೆಗೆದು ಅವನ ಮುಂದಿಟ್ಟರು. ರಕ್ಷಾಕವಚ ತೊಟ್ಟ ಇಬ್ಬರು ಸೈಕಲ್ಲಿನ ಮೇಲೆ ಆಕಾಶದಲ್ಲಿರುವ ಚಿತ್ರ. ಅವರ ಕೆಳಗೆ ನೆಲ ಬಹಳ ದೂರದಲ್ಲಿತ್ತು.

“ಮೌಂಟನ್ ಬೈಕ್ ಸ್ಟೇಜ್ ರೇಸು. ಎಂಟು ದಿನ, ಎಂಟು ಹಂತ. ದಿನಾ ಒಂದು ಬೆಟ್ಟ ಹತ್ತಿ ಇಳಿದು ಇನ್ನೊಂದು ಕಡೆ ಟೆಂಟಲ್ಲಿ ಮಲಗಬೇಕು. ಇಬ್ಬಿಬ್ಬರ ತಂಡ. ಒಬ್ಬರು ಬಿಟ್ರೆ ಇನ್ನೊಬ್ಬರೂ ಔಟು. ಯಜಮಾನ್ರು ನಮ್ಮ ಕಾರ್ಖಾನೆ ಹೆಸರಲ್ಲಿ ಫೀಸು ಕಟ್ಟಿದಾರೆ. ನಾನು, ನನ್ನ ಬಾಮೈದ ಹೋಗಬೇಕಿತ್ತು. ಬಾಮೈದ ಮೊನ್ನೆ ಹಿಂದೆ ಸರಿದ. ಯಜಮಾನ್ರು ಕ್ಯಾಂಟೀನಿನ ಹಾಳೆ ನೋಡಿ, ‘ನಮ್ಮ ಉಗ್ರಾಣೀನೇ ಇದಾನಲ್ಲ’ ಅಂದ್ರು.”

“ಫೀಸು ಎಷ್ಟು ಸಾರ್?” ಎಂದ ಉಗ್ರಾಣಿ, ಬೇರೆ ಏನೂ ತೋಚದೆ.

“ನಿಮ್ಮ ಹನ್ನೊಂದು ತಿಂಗಳ ಸಂಬಳ. ಮೊದಲ ವರ್ಷ ಏನೂ ಇರಲಿಲ್ಲ ಕಣ್ರೀ, ಹದಿನೈದು ದಿನದ ಸಂಬಳ ಅಷ್ಟೇ. ಶಾಲೆ ನೆಲದ ಮೇಲೆ ಮಲಗೋರಂತೆ. ಈಗ ಟೆಂಟಿದೆ, ಹಾಸಿಗೆ ಇದೆ. ಸಂಜೆ ಸೈಕಲ್ ತೊಳೆಯೋಕೆ ಒಬ್ಬ, ಕಾಲು ಒತ್ತೋಕೆ ಒಬ್ಬ. ಒಂದು ಹೆಲಿಕಾಪ್ಟರು.”

“ಹೆಲಿಕಾಪ್ಟರು ಯಾಕೆ ಸಾರ್?”

“ಬಿದ್ದವರನ್ನ ಎತ್ತೋಕೆ. ಅದೂ ಫೀಸಲ್ಲೇ ಸೇರಿದೆ.”

ಉಗ್ರಾಣಿ ಪುಸ್ತಿಕೆಯನ್ನು ಬೋರಲು ಹಾಕಿದ. ಹಿಂಬದಿಯಲ್ಲಿ ಇನ್ನೂ ದೊಡ್ಡ ಬೆಟ್ಟವಿತ್ತು.

“ಫೀಸು ಏರಿದಷ್ಟೂ ಜನ ಮುಗಿಬೀಳ್ತಾರೆ” ಎಂದು ಮ್ಯಾನೇಜರು ಮುಂದುವರಿಸಿದರು. “ಆರುನೂರು ತಂಡಕ್ಕೆ ಜಾಗ, ನಾಲ್ಕು ಸಾವಿರ ಜನ ಕಾಯ್ತಿದಾರೆ. ಫೀಸು ಕಡಿಮೆ ಇದ್ದಾಗ ಹೋದವರು ‘ಬಿದ್ದು ಬಂದೆ’ ಅಂತಿದ್ರು. ಈಗ ಹೋದವರು ‘ನನ್ನನ್ನ ನಾನು ಕಂಡುಕೊಂಡೆ’ ಅಂತಾರೆ. ಬೀಳೋದು ಅದೇ. ಇರಲಿ. ಒಂದು ಸೀಟಿಗೆ ಒಂದೇ ಸಲ ಹೆಸರು ಬದಲಾಯಿಸಬಹುದು, ಅದಕ್ಕೆ ಇವತ್ತು ಸಂಜೆ ಐದು ಗಂಟೆ ಕೊನೆ. ಡಾಕ್ಟರ ಸರ್ಟಿಫಿಕೇಟು ಬೇಕು.” ಆಮೇಲೆ ಅವರು ಮುಂದಕ್ಕೆ ಬಾಗಿ, ಪ್ರತಿ ಮಾತನ್ನೂ ಬಿಡಿಸಿ ಬಿಡಿಸಿ ಹೇಳಿದರು. “ನೋಡಿ, ಬಲವಂತ ಏನೂ ಇಲ್ಲ. ಆಗೋಲ್ಲ ಅಂದ್ರೆ ಆಗೋಲ್ಲ ಅಂದ್ಬಿಡಿ. ನಾನೇನೂ ತಪ್ಪು ತಿಳ್ಕೊಳೋಲ್ಲ.”

ಹದಿನಾರು ವರ್ಷ ನೌಕರಿ ಮಾಡಿದವನಿಗೆ ಇಂಥ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಭಾನುವಾರ ಕೆಲಸಕ್ಕೆ ಬರಲು ಹೇಳುವಾಗಲೂ ಮ್ಯಾನೇಜರುಗಳು ‘ಬಲವಂತ ಏನೂ ಇಲ್ಲ’ ಎಂದೇ ಹೇಳುವುದು. ಬಾರದಿದ್ದವನ ಗತಿಯನ್ನು ಅವನು ನೋಡಿದ್ದ.

“ಆಗುತ್ತೆ ಸಾರ್” ಎಂದ ಉಗ್ರಾಣಿ. ಅವನ ಧ್ವನಿ ಅವನಿಗೇ ದೂರದಿಂದ ಕೇಳಿಸಿತು.

ಮ್ಯಾನೇಜರು ಒಂದು ಗಳಿಗೆ ಅವನನ್ನೇ ನೋಡಿ, “ಹಾಗಾದ್ರೆ ಡಾಕ್ಟರ ಹತ್ರ ಹೋಗ್ಬನ್ನಿ” ಎಂದು ಮುಖ ತಿರುಗಿಸಿದರು.

ಕ್ಯಾಂಟೀನಿಗೆ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬಣ್ಣ ಬೆರೆಸುವವನು ಬೆನ್ನಿಗೆ ಗುದ್ದಿ, “ಏನ್ ಗುರೂ, ಇಷ್ಟು ದಿನ ನಮ್ಮ ಮಧ್ಯೆ ಹುಲೀನ ಇಟ್ಕೊಂಡು ಬೆಕ್ಕು ಅಂದ್ಕೊಂಡಿದ್ವಲ್ಲ!” ಎಂದ. ಕೂಡಲೇ ಮೊಬೈಲಿನಲ್ಲಿ ಆ ಸ್ಪರ್ಧೆಯ ವಿಡಿಯೋ ಹುಡುಕಿ, ಸಾಂಬಾರು ಪುಡಿಯ ಡಬ್ಬಿಗೆ ಒರಗಿಸಿ ಎಲ್ಲರಿಗೂ ಕಾಣುವ ಹಾಗೆ ಇಟ್ಟ.

ಅದರಲ್ಲಿ ದಾರಿ ಎಂದು ತೋರಿಸುತ್ತಿದ್ದದ್ದು ದಾರಿಯಾಗಿರಲಿಲ್ಲ. ಬೆಟ್ಟದ ಮೈಮೇಲೆ ಯಾರೋ ಉಗುರಿನಲ್ಲಿ ಎಳೆದ ಗೀರು. ಅದರ ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಏನೂ ಇಲ್ಲ. ಆ ‘ಏನೂ ಇಲ್ಲ’ದ ಪಕ್ಕದಲ್ಲೇ ಜನ ಸೈಕಲ್ಲಿನ ಮೇಲೆ ಕೂತು ಬಾಣದ ಹಾಗೆ ಇಳಿಯುತ್ತಿದ್ದರು. ಒಬ್ಬ ಕಲ್ಲಿಗೆ ತಗುಲಿ ಹಾರಿದ. ಅವನು ಕೆಳಗೆ ಬೀಳುವುದನ್ನು ತೋರಿಸದೆ ಕ್ಯಾಮೆರಾ ಮುಂದಕ್ಕೆ ಹೋಯಿತು.

“ಅವನೇನಾದ?” ಎಂದ ಉಗ್ರಾಣಿ.

“ಯಾರು?” ಎಂದ ಬಣ್ಣ ಬೆರೆಸುವವನು. “ಓ, ಅವನಾ? ಇದು ಮೂರನೇ ಹಂತ ಗುರೂ, ಸುಲಭದ್ದು. ಐದನೇದು ತೋರಿಸ್ತೀನಿ ತಾಳು.”

ಉಗ್ರಾಣಿ ತಾಳಲಿಲ್ಲ. ಉಗ್ರಾಣಕ್ಕೆ ಹೋಗಿ ಒಳಗಿನಿಂದ ಬಾಗಿಲು ಹಾಕಿಕೊಂಡ. ಡಬ್ಬಿಗಳ ನಡುವೆ ನಿಂತರೆ ಸಾಮಾನ್ಯವಾಗಿ ಅವನಿಗೆ ಧೈರ್ಯ ಬರುತ್ತಿತ್ತು. ಇವತ್ತು ಬರಲಿಲ್ಲ. ಎರಡು ಸಾಲಿನ ನಡುವಿನ ಓಣಿಯೇ ಆ ಗೀರಿನ ಹಾಗೆ ಕಂಡಿತು. ಹೆಂಡತಿಗೆ ಫೋನ್ ಮಾಡಿದ. ಅವಳು ಹೆದರಿ, ಅತ್ತು, ಬೇಡವೇ ಬೇಡ ಎಂದು ಹಟ ಹಿಡಿದರೆ, ‘ಮನೇಲಿ ಒಪ್ತಿಲ್ಲ ಸಾರ್’ ಎಂದು ಹೇಳಿ ಪಾರಾಗಬಹುದಿತ್ತು.

“ಎಂಟು ದಿನ ಬೆಟ್ಟದಲ್ಲಿ ಸೈಕಲ್ ತುಳೀಬೇಕಂತೆ ಕಣೇ. ತುಂಬಾ ಜನ ಬೀಳ್ತಾರಂತೆ” ಎಂದ, ಧ್ವನಿಯನ್ನು ಆದಷ್ಟು ಕುಗ್ಗಿಸಿ.

“ಅಯ್ಯೋ, ನಂಗಾಗ್ಲೇ ಗೊತ್ತಾಯ್ತು! ಬಣ್ಣ ಬೆರೆಸೋರ ಹೆಂಡ್ತಿ ಫೋನ್ ಮಾಡಿದ್ರು. ಹನ್ನೊಂದು ತಿಂಗಳ ಸಂಬಳ ಅಂತೆ ಫೀಸು! ಅಷ್ಟು ಕೊಟ್ಟು ನಿಮ್ಮನ್ನ ಕಳಿಸ್ತಾರೆ ಅಂದ್ರೆ ನಿಮ್ಮ ಬೆಲೆ ಎಷ್ಟಿರಬೇಕು ರೀ? ನಾನೇ ಇಷ್ಟು ವರ್ಷ ತಿಳ್ಕೊಂಡಿರಲಿಲ್ಲ.”

“ಅಲ್ಲ ಕಣೇ, ನಾನು ತುಳಿಯೋದು ನಿಂತಿರೋ ಸೈಕಲ್ಲು.”

“ಅದಕ್ಕೇನೀಗ? ಇದು ಮುಂದಕ್ಕೆ ಹೋಗುತ್ತೆ, ಅಷ್ಟೇ ತಾನೆ? ಕೂತ ಕಡೆ ಕೂತು ನೋಡೋಕೆ ಗೋಡೆ ಬದಲು ಬೆಟ್ಟ ಸಿಗುತ್ತೆ. ನೀವು ಒಂಚೂರೂ ಯೋಚನೆ ಮಾಡ್ಬೇಡಿ. ಪಕ್ಕದ ಮನೆ ಡ್ರಿಲ್ ಮೇಷ್ಟ್ರಿಗೆ ಹೇಳಿದೀನಿ. ಅವರು ಹೊರಟಾಯ್ತು.”

“ಎಲ್ಲಿಗೆ?”

“ನಿಮ್ಮತ್ರಕ್ಕೇ!”

ಫೋನಿಟ್ಟ ಮೇಲೆ ಉಗ್ರಾಣಿಗೆ ಕೊನೆಗೊಂದು ಉಪಾಯ ಹೊಳೆಯಿತು. ಸರ್ಟಿಫಿಕೇಟು ಇಲ್ಲದೆ ಹೆಸರು ಬದಲಾಗುವುದಿಲ್ಲ. ಡಾಕ್ಟರ ಹತ್ತಿರ ಹೋಗದೆ, ಪಾರ್ಕಿನಲ್ಲಿ ಎಲ್ಲಾದರೂ ಬೆಂಚಿನ ಮೇಲೆ ಕೂತು ಐದು ಗಂಟೆ ದಾಟಿಸಿಬಿಟ್ಟರಾಯಿತು. ತುಂಬಾ ಜನ ಇದ್ದರು, ಸರದಿ ಬರಲೇ ಇಲ್ಲ ಎಂದರೆ ಯಾರು ಏನು ಮಾಡಲಾದೀತು? ಈ ಯೋಚನೆಯಿಂದ ಅರ್ಧ ಜೀವ ಬಂದಂತಾಗಿ ಗೇಟು ದಾಟಿದ.

ಗೇಟಿನ ಹೊರಗೆ ಡ್ರಿಲ್ ಮೇಷ್ಟ್ರು ನಿಂತಿದ್ದರು. ನಿವೃತ್ತರಾಗಿ ಎಂಟು ವರ್ಷವಾದರೂ ಕೊರಳಲ್ಲಿ ಸೀಟಿ ಹಾಗೇ ಇತ್ತು. ಒಂದು ಕೈಯಲ್ಲಿ ಮಂಡಿಗೆ ಕಟ್ಟುವ ಪಟ್ಟಿ, ಇನ್ನೊಂದರಲ್ಲಿ ಹಳೆಯ ಹೆಲ್ಮೆಟ್ಟು.

“ತಲೆ ಬಗ್ಗಿಸಿ” ಎಂದರು. ಉಗ್ರಾಣಿ ಬಗ್ಗಿಸಿದ. ಹೆಲ್ಮೆಟ್ಟು ಕೂತಿತು. “ಕ್ಲಿನಿಕ್ ಯಾವ ಕಡೆ?”

“ನೀವ್ಯಾಕೆ ಮೇಷ್ಟ್ರೇ ತೊಂದರೆ ತಗೋತೀರಿ? ಬಿಸಿಲು ಬೇರೆ...”

“ತೊಂದರೆ ಏನು ಬಂತು? ಮೂವತ್ತು ವರ್ಷ ಮಕ್ಕಳನ್ನ ಮೈದಾನಕ್ಕೆ ಅಟ್ಟಿದೀನಿ. ಹೊರಟ ಮಕ್ಕಳು ದಾರೀಲಿ ತಪ್ಪಿಸ್ಕೊಳೋದು ಹೇಗೆ ಅಂತ ನನಗೆ ಗೊತ್ತಿಲ್ವಾ? ನಡೀರಿ. ಲೆಫ್ಟ್, ರೈಟ್.”

ಪಾರ್ಕಿನ ಮುಂದೆ ಬಂದಾಗ ಉಗ್ರಾಣಿಯ ಕಾಲು ತಾನಾಗಿ ಆ ಕಡೆ ವಾಲಿತು. ಸೀಟಿ ಊದಿದ ಸದ್ದಿಗೆ ಬೆಂಚಿನ ಮೇಲೆ ಮಲಗಿದ್ದವರೂ ಎದ್ದು ಕೂತರು. ಹೆಲ್ಮೆಟ್ಟು ಹಾಕಿಕೊಂಡು, ಮಂಡಿಗೆ ಪಟ್ಟಿ ಬಿಗಿದುಕೊಂಡು, ಹಿಂದಿದ್ದ ಮುದುಕರಿಂದ ಹೆಜ್ಜೆ ಎಣಿಸಿಕೊಳ್ಳುತ್ತ ಅವನು ಪೇಟೆ ಬೀದಿಯುದ್ದಕ್ಕೂ ನಡೆದ. ಅವಮಾನವೇನೋ ಆಗುತ್ತಿತ್ತು. ಆದರೆ ಭಯ ಎಷ್ಟು ದೊಡ್ಡದಾಗಿತ್ತೆಂದರೆ ಅವಮಾನಕ್ಕೆ ಒಳಗೆ ಜಾಗ ಸಿಗಲಿಲ್ಲ.

ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಒಬ್ಬರೇ ಇದ್ದರು. ಐವತ್ತರ ಆಸುಪಾಸು, ಒಣಗಿದ ಬೆತ್ತದಂಥ ಮೈಕಟ್ಟು. ಅವನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ಒತ್ತಿ, ಹುಬ್ಬು ಗಂಟಿಕ್ಕಿದರು.

“ಬಿಪಿ ಬಹಳ ಜಾಸ್ತಿ ಇದೆಯಲ್ಲ. ನಾಡಿ ನೂರಾ ಮೂವತ್ತು! ಯಾವ ಕೆಲಸಕ್ಕೆ ಸರ್ಟಿಫಿಕೇಟು?”

“ಮೌಂಟನ್ ಬೈಕ್ ಸ್ಪರ್ಧೆಗೆ ಮೇಡಂ. ಆಗೋಲ್ಲ ಅಲ್ವಾ? ಪರವಾಗಿಲ್ಲ, ಹಾಗೇ ಬರೆದುಕೊಡಿ. ನಾನೇನೂ ಬೇಜಾರು ಮಾಡ್ಕೊಳೋಲ್ಲ.” ಆನಂದವನ್ನು ಅಡಗಿಸಲು ಅವನು ಕೆಮ್ಮಬೇಕಾಯಿತು.

“ಆ ಸ್ಪರ್ಧೆಗಾ?” ಡಾಕ್ಟರಮ್ಮನ ಪೆನ್ನು ಗಾಳಿಯಲ್ಲೇ ನಿಂತಿತು. “ನಿಮಗೆ ಸೀಟು ಸಿಕ್ಕಿದೆಯಾ? ನಾಲ್ಕು ವರ್ಷದಿಂದ ಕಾಯ್ತಿದೀನಿ ರೀ ನಾನು! ಪ್ರತಿ ವರ್ಷ ಫೀಸು ಏರುತ್ತೆ, ಪ್ರತಿ ವರ್ಷ ಈ ಸಲ ಏನಾದ್ರೂ ಆಗಲಿ ಅಂತೀನಿ, ಪ್ರತಿ ವರ್ಷ ಲಾಟರೀಲಿ ಹೆಸರು ಬರೋಲ್ಲ.” ಅವರು ಅವನನ್ನು ಹೊಸ ಕಣ್ಣಿನಿಂದ ನೋಡಿದರು. “ಜೊತೆಗೆ ಯಾರು?”

“ನಮ್ಮ ಮ್ಯಾನೇಜರು.”

“ಪುಣ್ಯವಂತರು. ಅಂಥ ಸೀಟನ್ನ ಬರೀ ಒಂದು ಬಿಪಿ ನೋಡಿ ಕಳ್ಕೊಳೋದಾ? ಬನ್ನಿ, ತುಳಿಸಿಯೇ ನೋಡೋಣ.”

ಪರದೆ ಸರಿಸಿದರು. ಅಲ್ಲಿ ಗೋಡೆಗೆ ಮುಖ ಮಾಡಿಕೊಂಡು, ನಾಲ್ಕು ಕಾಲು ಊರಿಕೊಂಡು, ಒಂದು ನಿಂತ ಸೈಕಲ್ಲಿತ್ತು.

ಉಗ್ರಾಣಿಗೆ ಅಳು ಬಂತು. ಎದೆಗೆ ತಂತಿ ಅಂಟಿಸಿ ಮೇಲೆ ಕೂರಿಸಿದರು. ನಿಧಾನಕ್ಕೆ ತುಳಿಯಬೇಕು, ಏದುಸಿರು ಬಿಡಬೇಕು, ಐದು ನಿಮಿಷಕ್ಕೆ ಸುಸ್ತಾಗಬೇಕು ಎಂದು ಗಟ್ಟಿ ಮನಸ್ಸು ಮಾಡಿಕೊಂಡ. ಆದರೆ ಕಾಲಿಗೆ ಪೆಡಲು ಸಿಕ್ಕಿದ್ದೇ ತಡ, ಆರು ವರ್ಷದ ಅಭ್ಯಾಸ ಅವನ ಮಾತು ಕೇಳಲಿಲ್ಲ. ಪ್ರಪಂಚದಲ್ಲಿ ಅವನಿಗೆ ಭಯವಾಗದ ಜಾಗ ಅಂತ ಇದ್ದದ್ದು ಇದೊಂದೇ. ಎದುರಿಗೆ ಗೋಡೆ ಇದೆ, ಅದು ಎಲ್ಲಿಗೂ ಹೋಗುವುದಿಲ್ಲ, ತಾನೂ ಹೋಗುವುದಿಲ್ಲ. ಮನಸ್ಸು ಹಗುರಾಯಿತು. ಗಂಟಲಲ್ಲೇ ಏನೋ ಹಾಡು ಗುನುಗಿದ. ಡಾಕ್ಟರಮ್ಮ ಪೆಡಲಿನ ಬಿಗಿ ಹೆಚ್ಚಿಸಿದರು, ಮತ್ತೆ ಹೆಚ್ಚಿಸಿದರು. ಅವನಿಗೆ ಗೊತ್ತೇ ಆಗಲಿಲ್ಲ.

“ಸಾಕು, ಇಳೀರಿ” ಎಂದಾಗ ನಲವತ್ತು ನಿಮಿಷವಾಗಿತ್ತು. ಡಾಕ್ಟರಮ್ಮ ಹಾಳೆಯ ಮೇಲಿನ ಗೆರೆಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. “ಇಪ್ಪತ್ತೈದು ವರ್ಷದಲ್ಲಿ ಇಂಥ ಹೃದಯ ನೋಡಿಲ್ಲ. ಬಿಪಿ ಎಲ್ಲಿ ಹೋಯ್ತು? ಮಗೂದು ಇದ್ದಹಾಗಿದೆ! ನಿಮಗಿದ್ದದ್ದು ಬರೀ ಉತ್ಸಾಹದ ನಾಡಿ ಕಣ್ರೀ.”

“ಭಯದ್ದು ಮೇಡಂ.”

“ಅದನ್ನೇ ನಾವು ಉತ್ಸಾಹ ಅನ್ನೋದು” ಎಂದು ಡಾಕ್ಟರಮ್ಮ ಸರ್ಟಿಫಿಕೇಟಿಗೆ ಮುದ್ರೆ ಒತ್ತಿದರು. ಅದನ್ನು ಅವನ ಕೈಗೆ ಕೊಟ್ಟಿದ್ದರೆ ದಾರಿಯಲ್ಲಿ ಏನಾದರೂ ಆಗಬಹುದಿತ್ತು. ಆದರೆ ಡ್ರಿಲ್ ಮೇಷ್ಟ್ರು ಎಲ್ಲಕ್ಕೂ ಸಿದ್ಧರಾಗಿ ಬಂದಿದ್ದರು. “ಇಲ್ಲಿಂದಲೇ ಕಳಿಸಿಬಿಡಿ ಅಮ್ಮಾ, ತಡ ಆದೀತು” ಎಂದು ಸ್ಪರ್ಧೆಯವರ ಇಮೇಲು ವಿಳಾಸವಿದ್ದ ಚೀಟಿ ಮುಂದಿಟ್ಟರು. ಅದನ್ನು ಉಗ್ರಾಣಿಯ ಹೆಂಡತಿ ಬಣ್ಣದವನ ಹೆಂಡತಿಯಿಂದ ಸಂಪಾದಿಸಿ ಕೊಟ್ಟಿದ್ದಳಂತೆ.

ಕಾರ್ಖಾನೆಗೆ ವಾಪಸಾದಾಗ ನಾಲ್ಕು ಗಂಟೆ. ಅಂಗಳದ ಮಧ್ಯೆ ಕೆಲಸಗಾರರೆಲ್ಲ ಸುತ್ತುಗಟ್ಟಿ ನಿಂತಿದ್ದರು. ನಡುವೆ ಮ್ಯಾನೇಜರ ಬಾಮೈದನ ಸೈಕಲ್ಲು. ದಪ್ಪ ಟೈರು, ಕಪ್ಪು ಮೈ, ನೋಡಿದರೆ ಕೊಂಬು ಬಗ್ಗಿಸಿ ನಿಂತ ಗೂಳಿಯ ಹಾಗಿತ್ತು.

“ಒಂದು ರೌಂಡು ಗುರೂ!” ಎಂದು ಬಣ್ಣ ಬೆರೆಸುವವನು ಕೂಗಿದ. “ಅಂಗಳಕ್ಕೆ ಒಂದೇ ಒಂದು ರೌಂಡು! ನಾವೆಲ್ಲ ಕೆಲಸ ಬಿಟ್ಟು ನಿಂತಿದೀವಿ.”

ಮ್ಯಾನೇಜರೂ ಮಹಡಿಯ ಕಿಟಕಿಯಲ್ಲಿ ನಿಂತು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಹಿಂದೆ ಗೇಟು, ಗೇಟಿನಲ್ಲಿ ಡ್ರಿಲ್ ಮೇಷ್ಟ್ರು. ಮುಂದೆ ಸೈಕಲ್ಲು. ಉಗ್ರಾಣಿ ಹ್ಯಾಂಡಲ್ಲು ಹಿಡಿದ. ಅದು ಹಾವಿನ ತಲೆಯ ಹಾಗೆ ಆ ಕಡೆ ಈ ಕಡೆ ತಿರುಗಿತು. ಮನೆಯ ಸೈಕಲ್ಲಿನ ಹ್ಯಾಂಡಲ್ಲು ತಿರುಗುತ್ತಲೇ ಇರಲಿಲ್ಲ.

“ಇದರ ಬೆಲೆ ಎಷ್ಟು?” ಎಂದು ಕಾಲಹರಣಕ್ಕೆ ಕೇಳಿದ.

“ನಮ್ಮ ಲಾರಿ ಇದೆಯಲ್ಲ, ಅಷ್ಟು” ಎಂದ ಬಣ್ಣ ಬೆರೆಸುವವನು. “ತೂಕ ಕಡಿಮೆ ಆದಷ್ಟೂ ಬೆಲೆ ಜಾಸ್ತಿಯಂತೆ. ಇನ್ನೊಂಚೂರು ಕೊಟ್ಟಿದ್ರೆ ಸೈಕಲ್ಲೇ ಇಲ್ದೆ ಬರ್ತಿತ್ತೇನೋ.”

ಎಲ್ಲರೂ ನಕ್ಕರು. ಆ ನಗೆಯ ನಡುವೆ ಉಗ್ರಾಣಿ ಸೈಕಲ್ಲನ್ನು ಸುಮ್ಮನೆ ಎತ್ತಿ ನೋಡಿದ. ನಿಜಕ್ಕೂ ಹಗುರ, ಹತ್ತು ಲೀಟರಿನ ಬಣ್ಣದ ಡಬ್ಬಿಗಿಂತ ಹಗುರ. ಡಬ್ಬಿ ಹೊರುವುದರಲ್ಲಿ ಅವನಿಗೆ ಯಾವ ಭಯವೂ ಇರಲಿಲ್ಲ. ಯೋಚನೆ ಮಾಡುವ ಮೊದಲೇ ಅದು ಅವನ ಹೆಗಲ ಮೇಲಿತ್ತು. “ಇಷ್ಟು ಬೆಲೆಯ ವಸ್ತೂನ ಈ ಬಣ್ಣ ಚೆಲ್ಲಿದ ನೆಲದ ಮೇಲೆ ಓಡಿಸೋಕೆ ನನ್ನ ಕೈಲಾಗೋಲ್ಲ ಕಣ್ರಪ್ಪಾ” ಎಂದು, ಹೊತ್ತುಕೊಂಡೇ ಅಂಗಳಕ್ಕೆ ಒಂದು ಸುತ್ತು ಹೊಡೆದ. ಬೇಗ ಮುಗಿದರೆ ಸಾಕೆಂದು ಓಡಿದ.

ನಗೆ ನಿಂತಿತು. ಡ್ರಿಲ್ ಮೇಷ್ಟ್ರು ಸೆಲ್ಯೂಟ್ ಹೊಡೆದರು. “ನೋಡಿದ್ರಾ? ಕಡಿದಾದ ಕಡೆ ಸೈಕಲ್ಲನ್ನ ಹೀಗೇ ಹೊತ್ಕೊಂಡು ಹತ್ತಬೇಕು. ತಿಳಿದವನು ಮೊದಲು ಅದನ್ನೇ ಅಭ್ಯಾಸ ಮಾಡೋದು” ಎಂದು ಎಲ್ಲರಿಗೂ ವಿವರಿಸಿದರು. ಚಪ್ಪಾಳೆ ಬಿತ್ತು. ಬಣ್ಣ ಬೆರೆಸುವವನ ಕಣ್ಣಲ್ಲಿ ನೀರಾಡಿತು. ಮಹಡಿಯ ಕಿಟಕಿಯಲ್ಲಿ ಮ್ಯಾನೇಜರು ಕಾಣಲಿಲ್ಲ.

ಸೈಕಲ್ಲು ಇಳಿಸಿದ ಮೇಲೆ ಉಗ್ರಾಣಿಗೆ ನಿಚ್ಚಳವಾಗಿ ಅರ್ಥವಾಯಿತು. ಇವತ್ತು ಹೆಗಲಿನಿಂದ ಪಾರಾದ. ಬೆಟ್ಟದ ಇಳಿಜಾರಿನಲ್ಲಿ ಯಾರೂ ಹೊತ್ತುಕೊಂಡು ಇಳಿಯಲು ಬಿಡುವುದಿಲ್ಲ. ಸುಮ್ಮನಿದ್ದಷ್ಟೂ ಜನ ಅವನನ್ನು ಒಂದೊಂದೇ ಮೆಟ್ಟಿಲು ಮೇಲೆ ಹತ್ತಿಸುತ್ತಾರೆ, ಕೊನೆಯ ಮೆಟ್ಟಿಲಿನ ಆಚೆಗೆ ಇರುವುದು ಆ ‘ಏನೂ ಇಲ್ಲ’. ಮಾನ ಹೋದರೆ ಹೋಗಲಿ, ಹೊಸಬನನ್ನು ಕರೆಸಿ ಒಂದೊಂದು ಡಬ್ಬಿಯನ್ನೂ ಎಣಿಸಲಿ, ಬೀಗದ ಕೈ ಕಿತ್ತುಕೊಳ್ಳಲಿ. ಜೀವ ಇದ್ದರೆ ಇನ್ನೊಂದು ಬೀಗದ ಕೈ ಸಿಕ್ಕೀತು. ನಾಲ್ಕೂ ನಲವತ್ತಕ್ಕೆ ಮೆಟ್ಟಿಲು ಹತ್ತಿ ಮ್ಯಾನೇಜರ ಬಾಗಿಲು ತಳ್ಳಿದ. ಕೂರಲು ಹೇಳುವ ಮೊದಲೇ ಕೂತ.

“ಸಾರ್, ನನಗೆ ಸೈಕಲ್ ಬರೋಲ್ಲ.”

“ಏನಂದ್ರಿ?”

“ಬರೋಲ್ಲ ಸಾರ್. ನಾನು ತುಳಿಯೋದು ಹಿಂದಿನ ಕೋಣೇಲಿ ಇರೋ ನಿಂತ ಸೈಕಲ್ಲು. ನಲವತ್ತು ನಿಜ, ದೇವರಾಣೆ ನಿಜ. ಆದ್ರೆ ಒಂದು ಗಜಾನೂ ಮುಂದಕ್ಕೆ ಹೋಗಿಲ್ಲ. ನನಗೆ ಭಯ ಆಗುತ್ತೆ ಸಾರ್. ಬೆಳಿಗ್ಗೆಯಿಂದ ಪ್ರಾಣ ಹೋಗೋಷ್ಟು ಭಯ ಆಗ್ತಿದೆ.”

ಮ್ಯಾನೇಜರು ಬೈಯಲಿಲ್ಲ. ಎದ್ದು ಹೋಗಿ ಬಾಗಿಲು ಭದ್ರವಾಗಿ ಹಾಕಿ ಬಂದು, ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು.

“ಇದನ್ನ ಬೆಳಿಗ್ಗೆ ಹೇಳೋಕೆ ಏನಾಗಿತ್ತು ರೀ ನಿಮಗೆ? ನಿಮ್ಮನ್ನ ಕೇಳಿದ್ದೇ ನೀವು ಆಗೋಲ್ಲ ಅಂತೀರಿ ಅಂತ! ಬಲವಂತ ಇಲ್ಲ ಅಂತ ಬಾಯಿ ಬಿಟ್ಟು ಹೇಳಿದೆನಲ್ಲ!”

“ಸಾರ್?”

“ನನಗೂ ಭಯ ಕಣ್ರೀ! ಹೋದ ತಿಂಗಳು ಅಭ್ಯಾಸಕ್ಕೆ ಅಂತ ಊರ ಹೊರಗಿನ ದಿಣ್ಣೆ ಇಳಿದೆ, ಕಣ್ಣು ಮುಚ್ಚಿಕೊಂಡು. ಅವತ್ತಿಂದ ನಿದ್ದೆ ಇಲ್ಲ. ಯಜಮಾನ್ರು ಅಷ್ಟು ಫೀಸು ಕಟ್ಟಿದ ಮೇಲೆ ಆಗೋಲ್ಲ ಅನ್ನೋ ಬಾಯಿ ಎಲ್ಲಿಂದ ತರಲಿ? ಬಾಮೈದ ಹಿಂದೆ ಸರಿದಾಗ ದೇವರು ಕಣ್ಣು ಬಿಟ್ಟ ಅಂದ್ಕೊಂಡೆ. ಅಷ್ಟರಲ್ಲಿ ನಿಮ್ಮ ಹಾಳೆ! ಈಗಷ್ಟೇ ಕಿಟಕೀಲಿ ನಿಂತು, ಬೀಳಪ್ಪ, ಒಂದೇ ಒಂದು ಸಲ ಬಿದ್ದುಬಿಡಪ್ಪ ಅಂತ ಬೇಡ್ಕೋತಿದ್ದೆ. ನೀವು ಹೊತ್ಕೊಂಡು ಓಡಿದ್ರಿ.”

ಉಗ್ರಾಣಿಗೆ ಅವರ ಕಾಲು ಮುಟ್ಟುವಷ್ಟು ಪ್ರೀತಿ ಉಕ್ಕಿತು. ಬೆಳಿಗ್ಗೆಯಿಂದ ಮೊದಲ ಸಲ ಉಸಿರು ಹೊಟ್ಟೆಯವರೆಗೂ ಇಳಿಯಿತು. “ಹಾಗಾದ್ರೆ ಇನ್ನೇನು ಸಾರ್! ಇನ್ನೂ ಹದಿನೈದು ನಿಮಿಷ ಇದೆ. ಇಬ್ಬರೂ ಬೇಡ ಅಂತ ಬರೆದು ಕಳಿಸಿಬಿಡೋಣ.”

“ಇಬ್ಬರೂ ಎಲ್ಲಿಂದ ಬಂತು?” ಎಂದರು ಮ್ಯಾನೇಜರು, ಅವನ ಮುಖ ನೋಡಲಾಗದೆ. “ಕ್ಲಿನಿಕ್ಕಿಂದ ಸರ್ಟಿಫಿಕೇಟು ಹೋಗಿದ್ದೇ ತಡ, ನಿಮ್ಮ ಸೀಟಿನ ಹೆಸರು ಬದಲಾಗಿ ಮೂರು ಗಂಟೆಗೇ ಉತ್ತರ ಬಂತು. ಅದನ್ನ ಇನ್ನು ದೇವರೂ ಬದಲಾಯಿಸೋಕಾಗೋಲ್ಲ. ನನ್ನ ಸೀಟು ಒಂದು ಇತ್ತು, ಬದಲಾಗದೇ ಇರೋದು. ಯಾರೋ ಫೋನ್ ಮಾಡಿ, ಫೀಸಿನ ಎರಡರಷ್ಟು ಕೊಡ್ತೀನಿ, ಸೀಟು ಬಿಟ್ಟುಕೊಡಿ ಅಂದ್ರು. ಯಜಮಾನ್ರಿಗೆ ಖುಷಿಯೋ ಖುಷಿ. ನಮ್ಮ ಕಾರ್ಖಾನೆ ಹೆಸರಿನ ಬನಿಯನ್ನೇ ಹಾಕ್ಕೊಳ್ತಾರಂತೆ. ಹತ್ತು ನಿಮಿಷದ ಹಿಂದೆ ಒಪ್ಪಿಕೊಂಡೆ. ನಾನು ಬದುಕಿಕೊಂಡೆ ಕಣ್ರೀ, ಕ್ಷಮಿಸಿಬಿಡಿ.”

“ಯಾರು ಸಾರ್ ಅದು?”

ಉತ್ತರ ಬರುವ ಮೊದಲೇ ಬಾಗಿಲು ಬಡಿದ ಸದ್ದಾಯಿತು. ಒಳಗೆ ಬಂದವರು ಡಾಕ್ಟರಮ್ಮ. ಬಿಳಿ ಕೋಟು ಹೋಗಿ ಮಂಡಿಯವರೆಗಿನ ಬಿಗಿ ಚಡ್ಡಿ ಬಂದಿತ್ತು. ಕಂಕುಳಲ್ಲಿ ಹೆಲ್ಮೆಟ್ಟು.

“ಆ ಹೃದಯ ನೋಡಿದ ಮೇಲೆ ಕೂತ ಕಡೆ ಕೂರೋಕಾಗಲಿಲ್ಲ. ಇಂಥ ಜೊತೆಗಾರ ಜನ್ಮದಲ್ಲಿ ಒಂದೇ ಸಲ ಸಿಗೋದು” ಎಂದು ಉಗ್ರಾಣಿಯ ಕೈ ಹಿಡಿದು ಕುಲುಕಿದರು.

ಅವನು ಆ ಕೈಯನ್ನು ಬಿಡಲಿಲ್ಲ. ಸರ್ಟಿಫಿಕೇಟು ಬರೆದ ಕೈ ಅದು. ಅದೇ ಕೈ ಇನ್ನೊಂದನ್ನೂ ಬರೆಯಬಲ್ಲದು. “ಅಮ್ಮಾ, ನಿಮ್ಮ ದಮ್ಮಯ್ಯ. ನನಗೆ ಸೈಕಲ್ಲೇ ಬರೋಲ್ಲ. ಎರಡು ಚಕ್ರದ್ದು ಕೂತರೆ ಬೀಳ್ತೀನಿ. ಬಿದ್ರೆ ಮೂಳೆ ಮುರಿಯುತ್ತೆ. ಈ ಮನುಷ್ಯ ಆಗೋಲ್ಲ ಅಂತ ಒಂದು ಚೀಟಿ ಬರೆದುಕೊಡಿ” ಎಂದ. ಮ್ಯಾನೇಜರೂ ಹೌದೆಂದು ತಲೆಯಾಡಿಸಿ ಸಾಕ್ಷಿ ಹೇಳಿದರು.

ಡಾಕ್ಟರಮ್ಮನ ಮುಖದಲ್ಲಿ ನಗೆ ಹೋಯಿತು. ಅವರು ಅವನನ್ನು ತಲೆಯಿಂದ ಕಾಲಿನವರೆಗೆ ನಿಧಾನವಾಗಿ ನೋಡಿದರು. ಅವನ ಮಾತನ್ನು ನಂಬಿದ್ದಾರೆ ಎಂಬುದು ಸ್ಪಷ್ಟವಾಗಿತ್ತು. ಮ್ಯಾನೇಜರನ್ನು ಬಿಟ್ಟರೆ ಬೆಳಿಗ್ಗೆಯಿಂದ ಅವನ ಭಯವನ್ನು ನಂಬಿದವರು ಅವರೊಬ್ಬರೇ. ಆಮೇಲೆ ಅವರು ಗೋಡೆಯ ಮೇಲಿದ್ದ ಕ್ಯಾಲೆಂಡರಿನ ಹತ್ತಿರ ಹೋಗಿ, ಬೆರಳಿಟ್ಟು ವಾರಗಳನ್ನು ಎಣಿಸಿದರು.

“ಸ್ಪರ್ಧೆಗೆ ಹದಿನೇಳು ವಾರ ಇದೆ. ಕೈ ಮೂಳೆ ಕೂಡೋಕೆ ಆರು ವಾರ, ಕಾಲಿಂದು ಹನ್ನೆರಡು” ಎಂದರು. “ನಡೀರಿ, ಅಂಗಳಕ್ಕೆ ಹೋಗೋಣ. ಮುರಿಯೋದೇನಿದ್ರೂ ಈ ತಿಂಗಳೇ ಮುರ್ಕೊಂಡುಬಿಡಿ.”